ಹೊಗೆಯ ಮುಯ್ಯಿ

ನಮ್ಮ ಊರಿನಲ್ಲಿ ಹೊಗೆ ಎದ್ದಲ್ಲೇ ನಿಲ್ಲುತ್ತದೆ. ಗಾಳಿ ಬೀಸಿದರೂ ಅಷ್ಟೇ, ಮಳೆ ಹೊಡೆದರೂ ಅಷ್ಟೇ. ಅದು ಹೇಗೆ ಸಾಧ್ಯ ಎಂದು ಬೇರೆ ಊರಿನವರು ಕೇಳುತ್ತಾರೆ. ನಿಮ್ಮ ಊರಿನ ಹೊಗೆ ಎಲ್ಲಿಗೆ ಹೋಗುತ್ತದೆ ಎಂದು ನಾನು ತಿರುಗಿ ಕೇಳಿದರೆ ಅವರೂ ತಲೆಯೆತ್ತಿ ಆಕಾಶ ನೋಡುತ್ತಾರೆ. ಹಾಗಾಗಿ ಆ ಮಾತನ್ನು ಅಲ್ಲಿಗೇ ಬಿಡೋಣ.

ಒಲೆಯ ಹೊಗೆ ಆಯಾ ಮನೆಯ ಮೇಲೆ ಕೂರುತ್ತದೆ. ಕೊಂಡು ತಂದ ಸರಕಿನ ಹೊಗೆ ಮಾತ್ರ ಸ್ವಲ್ಪ ತಡವಾಗಿ ಬರುತ್ತದೆ. ಎಲ್ಲೋ ದೂರದ ಕಾರ್ಖಾನೆಯಲ್ಲಿ ಸುಟ್ಟು ಮಾಡಿದ ಸಿಮೆಂಟು ಲಾರಿಯಲ್ಲಿ ಬಂದಿಳಿದರೆ, ಅದನ್ನು ಸುಡುವಾಗ ಎದ್ದ ಹೊಗೆ ಒಂದೆರಡು ದಿನ ಕಳೆದು, ವಿಳಾಸ ಕೇಳಿಕೊಂಡು ಬರುವ ದೂರದ ನೆಂಟನ ಹಾಗೆ ಊರಬಾಗಿಲಲ್ಲಿ ತಲೆ ಹಾಕುತ್ತದೆ. ಸರಕು ಇಳಿದ ಮನೆಯನ್ನು ಹುಡುಕಿ ಅದರ ಮೇಲೆ ಇಳಿಯುತ್ತದೆ. ಇಟ್ಟಿಗೆ, ಹಂಚು, ಕಬ್ಬಿಣ, ಸುಣ್ಣ, ಹೀಗೆ ಬೆಂಕಿ ಕಂಡು ಬಂದ ಎಲ್ಲದರ ಬೆನ್ನಿಗೂ ಹೊಗೆಯುಂಟು. ಒಮ್ಮೆ ಇಳಿದದ್ದು ಮತ್ತೆ ಏಳುವುದಿಲ್ಲ. ಮನೆ ಕೆಡವಿ ಅದರ ತೊಲೆ, ಬಾಗಿಲುಗಳನ್ನು ಬೇರೆಡೆಗೆ ಒಯ್ದರೂ ಹೊಗೆ ಹಳೆಯ ಜಾಗದಲ್ಲೇ ಉಳಿಯುತ್ತದೆ.

ಜನ ಎಂಥದ್ದಕ್ಕೂ ಒಗ್ಗುತ್ತಾರೆ. ಒಗ್ಗಿದ ಮೇಲೆ ಅದರಲ್ಲೇ ದೊಡ್ಡಸ್ತಿಕೆ ಹುಡುಕಿಕೊಳ್ಳುತ್ತಾರೆ. ನಮ್ಮಲ್ಲಿ ಹೆಣ್ಣು ನೋಡಲು ಬಂದವರು ಹುಡುಗಿಯ ಮುಖಕ್ಕಿಂತ ಮೊದಲು ಮನೆಯ ಮೇಲೆ ನೋಡುತ್ತಾರೆ. ಹೊಗೆ ದಪ್ಪಗಿದ್ದರೆ ಉಂಡುಟ್ಟ ಮನೆ. ತೆಳ್ಳಗಿದ್ದರೆ ನೀರು ಕುಡಿದು ಎದ್ದು ಹೋಗುತ್ತಾರೆ. ಸಂಡಿಗೆ, ಮೆಣಸಿನಕಾಯಿ ಒಣಗಿಸಲು ಹೆಂಗಸರು ಊರಾಚೆಯ ಬಯಲಿಗೆ ಹೋಗಬೇಕು. ಅಲ್ಲಿನ ಬಿಸಿಲನ್ನು ನಮ್ಮ ಕಣ್ಣು ತಡೆಯದು, ಆದ್ದರಿಂದ ಮೂಗಿನವರೆಗೂ ಸೆರಗು ಎಳೆದುಕೊಂಡೇ ಕೂರುತ್ತಾರೆ. ಊರಿನ ದೊಡ್ಡ ಹೊಗೆ ಅಡಿವೆಪ್ಪ ಸಾವುಕಾರರದು. ಅದರ ನೆರಳು ಮೂರು ಓಣಿಗಳ ಮೇಲೆ ಬೀಳುತ್ತದೆ. ಆ ಓಣಿಯವರು ನಡುಮಧ್ಯಾಹ್ನ ದೀಪ ಹಚ್ಚಿಕೊಂಡು ಕೂತು, ಸಾವುಕಾರರ ನೆರಳಲ್ಲಿ ಬದುಕಿದ್ದೇವೆ ಎಂದು ಅಭಿಮಾನದಿಂದ ಹೇಳಿಕೊಳ್ಳುತ್ತಾರೆ. ನನಗೆ ಇಂಥ ಅಭಿಮಾನ ಕಂಡರೆ ಮೈ ಉರಿಯುತ್ತದೆ.

ಮುಯ್ಯಿಯ ಪದ್ಧತಿಯೂ ಇದೇ ಜಾಡಿನದು. ಬೇರೆ ಕಡೆ ಹೊಸ ಮನೆಯ ಪ್ರವೇಶಕ್ಕೆ ಪಾತ್ರೆಯನ್ನೋ ಸೀರೆಯನ್ನೋ ಕೊಡುತ್ತಾರಂತೆ. ನಮ್ಮಲ್ಲಿ ಹಸಿಕಟ್ಟಿಗೆಯ ಹೊರೆಗೆ ಅರಿಶಿನ ಕುಂಕುಮ ಹಚ್ಚಿ, ತಮ್ಮ ಒಲೆಯ ಒಂದು ಕೆಂಡವನ್ನು ಒಡೆದ ಮಡಕೆಯ ಬೋಕಿಯಲ್ಲಿಟ್ಟುಕೊಂಡು ಹೋಗಿ, ಹೊಸ ಮನೆಯ ಅಂಗಳದಲ್ಲಿ ಹೊಗೆ ಹಾಕುತ್ತಾರೆ. ಹೊಸ ಮನೆಯ ತಲೆ ಬೋಳಾಗಿರಬಾರದಲ್ಲ! ಬರಿಗೈಯಲ್ಲಿ ಹೋಗುವುದು ನಾಚಿಕೆಗೇಡು. ಬಂದ ಮುಯ್ಯಿಯನ್ನು ಬೇಡವೆನ್ನುವುದು ಅದಕ್ಕಿಂತ ದೊಡ್ಡದು. ಹಾಗೆ ಅಂದವರ ಮನೆಯ ಮದುವೆಗೂ ಯಾರೂ ಹೋಗುವುದಿಲ್ಲ, ಸತ್ತರೆ ಮಣ್ಣಿಗೂ ಹೋಗುವುದಿಲ್ಲ.

ಈ ಊರು ತನ್ನ ಶಾಲೆಯನ್ನು ಬಹಳ ಪ್ರೀತಿಸುತ್ತಿತ್ತು. ಅದೇ ಶಾಲೆಗೆ ಮುಳುವಾಯಿತು. ಮಗ ಪಾಸಾದರೆ ಒಂದು ಹೊರೆ, ಮಗಳು ಅಕ್ಷರ ಕಲಿತರೆ ಒಂದು ಹೊರೆ, ಹೀಗೆ ಜನ ತಂದು ತಂದು ಹೊಗೆ ಹಾಕಿದರು. ನಾನು ಓದುವ ಕಾಲಕ್ಕೆ ಬೋರ್ಡು ಮಸುಕಾಗಿ ಕಾಣುತ್ತಿತ್ತು. ಈಚೆಗೆ ಬೋರ್ಡು ಇರುವ ಗೋಡೆಯೇ ಕಾಣದಾಗಿತ್ತು. ಪ್ರತಿ ಮಗುವೂ ಒಂದು ಚಿಮಣಿ ದೀಪ ತರಬೇಕು. ಆ ದೀಪಗಳ ಹೊಗೆಯೂ ಅಲ್ಲೇ ಸೇರುತ್ತಿತ್ತು. ಮುಖ್ಯೋಪಾಧ್ಯಾಯಿನಿ ಹಜರತಬಿ ಅಕ್ಕೋರು ಹಾಜರಿಯನ್ನು ದನಿಯ ಮೇಲೆ ಗುರುತು ಹಿಡಿದು ಹಾಕುತ್ತಿದ್ದರು. ತರಗತಿಯಲ್ಲಿ ಕೂತ ಮಕ್ಕಳ ಮುಖವನ್ನು ಅವರು ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ.

ಕಡೆಗೆ ಆ ಕಟ್ಟಡದ ಚಾವಣಿ ಬಿರುಕು ಬಿಟ್ಟಿತು. ಊರಂಚಿನ ಹಳೆಯ ಕಣದಲ್ಲಿ ಹೊಸ ಶಾಲೆ ಕಟ್ಟಬೇಕೆಂದು ತೀರ್ಮಾನವಾಯಿತು. ಆ ಕಣದ ಮೇಲೆ ಒಂದು ಎಳೆ ಹೊಗೆಯೂ ಇರಲಿಲ್ಲ. ಅಕ್ಕೋರು ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಕಣ್ಣು ಕಿರಿದು ಮಾಡಿ ಮೇಲೆ ನೋಡಿದರು.

"ಮುರಿಗೆವ್ವಾ, ಈ ಆಕಾಶ ಹಿಂಗ ಉಳಸಿ ಸಾಲಿ ಕಟ್ಟಾಕ ಆಗತೈತೇನ?"

ಮುರಿಗೆವ್ವ ಎಂದರೆ ನಾನು. ನಿಂತು ಕಟ್ಟಡ ಕಟ್ಟಿಸುವುದು ನನ್ನ ಕಸುಬು. ಈ ಊರಿನ ಗೋಡೆ ಕಟ್ಟುವ ಗೌಂಡಿಗಳು, ಗಾಡಿಯವರು, ಬಡಗಿಗಳು ಎಲ್ಲರೂ ನನ್ನ ಬಾಯಿಗೆ ಹೆದರುತ್ತಾರೆ. ಅಂಥ ನಾನು ಅಕ್ಕೋರ ಪ್ರಶ್ನೆ ಕೇಳಿ ಕಾಲಿನಿಂದ ಕಣದ ಮಣ್ಣು ಕೆದಕಿ ನೋಡಿದೆ. ಬೆಂಕಿ ಮುಟ್ಟದ ಸಾಮಾನಿನಲ್ಲಿ ಒಂದಿಡೀ ಶಾಲೆ! ಆದರೆ ಆಗುವುದಿಲ್ಲ ಎನ್ನುವ ಮಾತು ನನ್ನ ಬಾಯಿಗೆ ಹುಟ್ಟಿನಿಂದಲೇ ಒಗ್ಗಿಲ್ಲ.

"ಆಗತೈತ್ರಿ" ಅಂದೆ.

ಶಾಲಾ ಸಮಿತಿಯ ಅಧ್ಯಕ್ಷರು ಸಾವುಕಾರರೇ. ಮಣ್ಣಿನ ಶಾಲೆ ಎಂದಾಗ ಅವರು ನಕ್ಕರು. ಅಡ್ಡಿ ಮಾಡಲಿಲ್ಲ. "ಗ್ವಾಡಿ ನೀ ಕಟ್ಟವ್ವಾ. ಮುಂದಿನ ಕಮಾನು ನಮ್ಮಪ್ಪನ ಹೆಸರಿಲೆ ನಾ ಕಟ್ಟಸ್ತೀನಿ. ಆಗ ಅದು ಸಾಲಿ ಅಂತ ಕಾಣತೈತಿ" ಅಂದರು. ಆ ದಿನ ನಾನು ಕೈ ಮುಗಿದು ಎದ್ದು ಬಂದೆ. ಅನುಮತಿ ಕೈಗೆ ಸಿಗುವ ಮೊದಲೇ ಜಗಳ ತೆಗೆಯುವಷ್ಟು ದಡ್ಡಿ ನಾನಲ್ಲ.

ಕೆಲಸ ಶುರುವಾಯಿತು. ಕಣದ ಹಿಂದಿನ ದಿಬ್ಬದ ಮಣ್ಣು ಅಗೆದು, ಹೊಟ್ಟು ಕಲಸಿ, ತುಳಿದು, ಅಚ್ಚಿಗೆ ಹಾಕಿ ಒತ್ತಿ ಹಸಿ ಇಟ್ಟಿಗೆ ಮಾಡಿದೆವು. ಸುಡಲಿಲ್ಲ, ಬಿಸಿಲಿಗೆ ಒಣಗಿಸಿದೆವು. ಬುನಾದಿಗೆ ಹಳ್ಳದ ಕಲ್ಲು. ಊರಿನ ಬಿದ್ದ ಮನೆಗಳನ್ನು ಸುತ್ತಿ ತೊಲೆ, ಜಂತೆ, ಬಾಗಿಲು, ಕಿಟಕಿ ಎತ್ತಿಕೊಂಡು ಬಂದೆವು. ಹಳೆಯ ಮೊಳೆಗಳನ್ನು ಕಲ್ಲಿನ ಮೇಲಿಟ್ಟು ಬಡಿದು ನೆಟ್ಟಗೆ ಮಾಡಿದೆವು. ಸಾಮಾನು ಸಾಗಿಸಲು ಲಾರಿ ಬೇಡ, ಎತ್ತಿನ ಗಾಡಿ ಮತ್ತು ಕತ್ತೆ. ಕೆಲಸಗಾರರ ಚಹಾ ಕೂಡ ಮನೆಯಿಂದಲೇ ಕಾಯಿಸಿ ಬರಬೇಕು. ಬರುವಷ್ಟರಲ್ಲಿ ಅದು ಆರಿ, ಕೆನೆ ಕಟ್ಟಿ, ಕುಡಿದವರು ನನಗೆ ಶಾಪ ಹಾಕುತ್ತಿದ್ದರು. ಗೌಂಡಿ ಯಮನೂರಪ್ಪನಿಗೆ ಬೀಡಿ ಇಲ್ಲದೆ ಕೈ ಆಡದು. ಅವನಿಗೆ ಕಣದ ಗಡಿಯಾಚೆಯ ಹುಣಸೆ ಮರ ತೋರಿಸಿದೆ. ಅವನು ಸೇದಿದ ಬೀಡಿಗಳ ಹೊಗೆ ಇವತ್ತಿಗೂ ಆ ಮರದ ಕೆಳಗೆ ಕುಕ್ಕುರುಗಾಲಲ್ಲಿ ಕೂತ ಆಳಿನಷ್ಟು ಎತ್ತರಕ್ಕೆ ನಿಂತಿದೆ. ಯಮನೂರಪ್ಪ ಅದನ್ನು ತನ್ನ ತಮ್ಮ ಅನ್ನುತ್ತಾನೆ.

ಗೋಡೆ ಎದೆಮಟ್ಟ ಬಂದಾಗ ಅವನು ಕೆಲಸ ನಿಲ್ಲಿಸಿ ನನ್ನ ಕಡೆ ತಿರುಗಿದ. ನಮ್ಮ ಊರಿನ ಯಾವ ಗೋಡೆಯೂ ದೀಪದ ಗೂಡಿಲ್ಲದೆ ಏಳುವುದಿಲ್ಲ. ಗೂಡು ಎಲ್ಲೆಲ್ಲಿ ಬಿಡಬೇಕು ಎಂದು ಕೇಳಿದ.

"ಎಲ್ಲೂ ಬ್ಯಾಡ."

"ಬಾಯಾರ, ಅಲ್ರೀ, ಮುಂದ ಹೊಗಿ ಬಂದು ಕತ್ತಲಾತಂದ್ರ?"

"ಬರೂದಿಲ್ಲ. ಮ್ಯಾಲೆ ಬೆಳಕಿಂಡಿ ಬಿಡು, ಕ್ವಾಣಿಗೆ ಎರಡೆರಡು. ದೀಪದ ಗೂಡು ಬ್ಯಾಡ."

ಅವನು ನನ್ನ ಮುಖ ನೋಡಿದ, ಕರಣೆ ನೋಡಿಕೊಂಡ, ಆಮೇಲೆ ಗೂಡಿಲ್ಲದೆ ಗೋಡೆ ಎಬ್ಬಿಸಿದ. ನಾನು ಬೇಕೆಂದೇ ಹಾಗೆ ಮಾಡಿಸಿದೆ. ದೀಪಕ್ಕೆ ಜಾಗ ಇಟ್ಟರೆ ಕತ್ತಲೆಗೂ ಜಾಗ ಇಟ್ಟ ಹಾಗೆ. ಇನ್ನು ಈ ಶಾಲೆ ಬೆಳಕಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಒಮ್ಮೆ ಇದರ ಮೇಲೆ ಹೊಗೆ ಕೂತರೆ ದನ ಕಟ್ಟಲಿಕ್ಕಷ್ಟೇ ಬಂದೀತು.

ನಡುವೆ ಒಂದು ಅಕಾಲದ ಮಳೆ ಬಂದು ಒಣಗಲು ಇಟ್ಟಿದ್ದ ಇಟ್ಟಿಗೆಯ ಸಾಲುಗಳೆಲ್ಲ ಕರಗಿ ಅಂಬಲಿಯಾದವು. ಸಾವುಕಾರರು ಕೊಡೆ ಹಿಡಿದು ಬಂದು ನಿಂತರು. "ಎರಡು ಚೀಲ ಸಿಮೆಂಟು ಹಾಕ. ಎರಡು ಚೀಲದ ಹೊಗಿ ಎಷ್ಟಾದೀತು? ಒಂದು ಕೌದಿಯಷ್ಟು" ಅಂದರು. ಸುಳ್ಳು ಹೇಳಲಾರೆ, ಆ ಹೊತ್ತಿಗೆ ನನಗೂ ಆಸೆಯಾಯಿತು. ಕೆಸರಲ್ಲಿ ನಿಂತಿದ್ದೆ. ಆಮೇಲೆ ಒಂದು ಕೌದಿಯನ್ನು ಮಗುವಿನ ಮುಖದ ಮೇಲೆ ಹೊದಿಸಿ ಪಾಠ ಓದು ಎಂದ ಹಾಗೆ ಅನಿಸಿತು. "ಮಣ್ಣು ಎಲ್ಲೂ ಹೋಗಿಲ್ರಿ, ಇಲ್ಲೇ ಐತಿ" ಅಂದು ಮತ್ತೆ ಅಚ್ಚು ತರಿಸಿದೆ. ಗೋಡೆಗೆ ಮಳೆ ತಾಗದಂತೆ ಸೂರನ್ನು ಇನ್ನೊಂದು ಮೊಳ ಮುಂದಕ್ಕೆ ಚಾಚಿಸಿದೆ. ಚಾವಣಿಗೆ ಜಂತೆಯ ಮೇಲೆ ಬಿದಿರು, ಎಲೆ, ಅದರ ಮೇಲೆ ನೀರು ಇಳಿಯಗೊಡದ ಸವುಳು ಮಣ್ಣು ಹಾಕಿ ಮೆಟ್ಟಿಸಿದೆ. ಮುಂದಿನ ಮಳೆಗೆ ಒಂದು ಹನಿಯೂ ಒಳಗೆ ಬೀಳಲಿಲ್ಲ.

ಆಗ ಕಮಾನು ಬಂತು. ಸಿಮೆಂಟು, ಸರಳು ತುಂಬಿದ ಲಾರಿ ಕಣದ ಗಡಿಯ ಹೊರಗೆ ಬಂದು ನಿಂತಿತು. ಒಳಗೆ ಇಳಿಸಿದರೆ ಮುಗಿಯಿತು, ಎರಡು ದಿನದಲ್ಲಿ ಹೊಗೆ ಬಂದು ಅಂಗಳದ ಮೇಲೆ ಕೂರುತ್ತದೆ. ನಾನು ಲಾರಿಯ ಮುಂದೆ ನಿಂತು ಚಾಲಕನಿಗೆ ಹೇಳಿದೆ, "ಇದು ಸಾವ್ಕಾರ್ರ ಅಪ್ಪನ ಕಮಾನು. ಅಪ್ಪ ಬಾಳಿದ ಮನಿ ಮುಂದ ಇಳಸು." ಅವನು ಹಾಗೇ ಮಾಡಿದ. ಎರಡನೆಯ ದಿನ ಹೊಗೆ ಬಂತು, ಶಾಲೆಯ ದಾರಿಯನ್ನು ಬಿಟ್ಟು ಸಾವುಕಾರರ ಮನೆಗೆ ಹೋಗಿ ಇಳಿಯಿತು. ಪಾಪ, ಅವರು ಬೈಯುವಂತೆಯೂ ಇರಲಿಲ್ಲ. ಊರಿನವರೆಲ್ಲ ಬಂದು, ಹೊಗೆ ಎಷ್ಟು ದೊಡ್ಡದಾಯಿತು ಎಂದು ಹೊಗಳುತ್ತಿದ್ದರೆ ಅವರು ಹಲ್ಲು ಕಚ್ಚಿ ನಗುತ್ತಿದ್ದರು. ಅವರ ಹೆಂಡತಿ ಅಂದಿನಿಂದ ಅಂಗಳದ ತುಳಸಿ ಕಟ್ಟೆ ಕಾಣಿಸದೆ, ಕೈಯಿಂದ ತಡಕಿ ಸುತ್ತು ಹಾಕುತ್ತಾರಂತೆ.

ಸಾವುಕಾರರನ್ನು ಗೆದ್ದೆ ಎಂದು ಬೀಗಿದೆ. ಪ್ರೀತಿ ಮಾಡುವವರನ್ನು ಗೆಲ್ಲುವುದು ಇನ್ನೂ ಬಾಕಿಯಿತ್ತು.

ಶಾಲೆ ಮುಗಿದು ನಿಂತಾಗ ಊರಿನ ಜನ ದೂರದಿಂದ ನೋಡಿ ಮರುಗಿದರು. "ತಲಿ ಮ್ಯಾಲೆ ಏನೂ ಇಲ್ಲ, ಅನಾಥ ಕೂಸಿನಂಗ ಕಾಣತೈತಿ" ಅಂದರು ಹೆಂಗಸರು. ನಾವಿರುವಾಗ ನಮ್ಮ ಮಕ್ಕಳ ಶಾಲೆ ಬೋಳಾಗಿರುವುದೆ? ಪ್ರವೇಶದ ದಿನ ಒಂದೊಂದು ಮನೆಯಿಂದ ಒಂದೊಂದು ಹೊರೆ ಒಯ್ಯಬೇಕೆಂದು ಅವರೇ ಮಾತಾಡಿಕೊಂಡರು. ಯಾರೂ ಯಾರನ್ನೂ ಒತ್ತಾಯ ಮಾಡಲಿಲ್ಲ. ಬಡವರು ಕೂಡ ತಮ್ಮ ಒಲೆಗೆ ಇಟ್ಟುಕೊಂಡಿದ್ದ ಕಟ್ಟಿಗೆಯನ್ನು ಬಿಚ್ಚಿ ಹಂಚಿಕೊಂಡು ಹೊರೆ ಕಟ್ಟಿದರು. ಇದು ನನಗೆ ಗೊತ್ತಾದದ್ದು ಪ್ರವೇಶದ ದಿನ ಬೆಳಿಗ್ಗೆ, ಇಡೀ ಊರು ತಲೆಯ ಮೇಲೆ ಹೊರೆ, ಕೈಯಲ್ಲಿ ಕೆಂಡದ ಬೋಕಿ ಹಿಡಿದು ಕಣದ ದಾರಿಯಲ್ಲಿ ಬರುವುದನ್ನು ಕಂಡಾಗ. ಒಂದೊಂದು ಬೋಕಿಯಿಂದಲೂ ಎದ್ದ ಹೊಗೆಯ ಎಳೆ ಬಂದ ದಾರಿಯುದ್ದಕ್ಕೂ ದಾರದ ಹಾಗೆ ಹಿಂದೆ ನಿಂತಿತ್ತು.

ಎಲ್ಲರಿಗಿಂತ ಮುಂದೆ ಇದ್ದವಳು ನಮ್ಮವ್ವ. ಕಟ್ಟುವಷ್ಟು ಕಾಲವೂ ಅವಳು ಕಣದ ಕಡೆ ಕಾಲು ಹಾಕಿರಲಿಲ್ಲ. ಹೊಗೆಯಿಲ್ಲದ ಕಟ್ಟಡ ಕಟ್ಟುತ್ತಾಳೆಂದು ಓಣಿಯವರು ನನ್ನನ್ನು ಆಡಿಕೊಂಡದ್ದು ಅವಳಿಗೆ ಮುಳ್ಳಾಗಿತ್ತು. ಆ ದಿನ ಮಾತ್ರ ಇಳಕಲ್ ಸೀರೆ ಉಟ್ಟು, ಮಗಳ ಮಾನ ಮುಚ್ಚಲು ಬಂದಿದ್ದಳು. ನಾನು ಬಾಗಿಲಲ್ಲಿ ಎರಡೂ ಕೈ ಚಾಚಿ ನಿಂತೆ.

"ಮುರಿಗಿ, ಬಾಗಲದಾಗ ಯಾಕ ನಿಂತೀ? ಆ ಕಡೆ ಸರಿ."

"ನೀ ಬಾ ಯವ್ವಾ. ಕೆಂಡ ಒಳಗ ಬರೂದಿಲ್ಲ."

"ಏನಂದಿ?"

"ಕೆಂಡ ಬ್ಯಾಡ ಅಂದೆ."

ಅವ್ವ ಬೋಕಿಯನ್ನು ನನ್ನ ಮುಖದ ಹತ್ತಿರ ತಂದಳು. "ನೋಡ ಇದನ್ನ. ನಿನಗ ಹಾಲು ಕಾಸಿದ ಒಲಿ ಇದು. ನಿಮ್ಮಪ್ಪ ಸತ್ತ ದಿನಾನೂ ನಾ ಆರಗೊಡಲಿಲ್ಲ. ಈ ಒಲಿ ಕೆಂಡ ನಿನಗ ಬ್ಯಾಡಾತು?"

ಎದುರಿಗೆ ಸಾವುಕಾರರೊಬ್ಬರೇ ಇದ್ದಿದ್ದರೆ ನನಗೆ ಹಬ್ಬ. ಇವಳು ನನ್ನ ಅವ್ವ. ಆದರೂ ಕೈ ಮಡಚಲಿಲ್ಲ.

"ಅದ ಒಲಿ ಮ್ಯಾಲಿನ ರೊಟ್ಟಿ ತಿಂದ ಬೆಳದೀನಿ ಯವ್ವಾ. ಅದಕ್ಕ ಇಷ್ಟು ಗಟ್ಟಿ ನಿಂತೀನಿ. ಬ್ಯಾಡಂದ್ರ ಬ್ಯಾಡ. ಒಳಗ ದೀಪದ ಗೂಡಿಲ್ಲ. ಇಲ್ಲಿ ಹೊಗಿ ಕುಂತ್ರ ಈ ಮಕ್ಕಳು ಮತ್ತ ಕತ್ತಲದಾಗ ಕುಂದರಬೇಕು. ನೀವು ಪ್ರೀತಿಲೆ ತಂದೀರಿ, ನನಗ ಗೊತ್ತೈತಿ. ಹಳೇ ಸಾಲಿಗೂ ಪ್ರೀತಿಲೇ ತಂದಿದ್ರಿ."

ಗುಂಪಿನಲ್ಲಿ ಗುಜುಗುಜು ಎದ್ದಿತು. ಹಿಂದಿನಿಂದ ಸಾವುಕಾರರ ದನಿ ಬಂತು. ಅವರು ಈ ಗಳಿಗೆಗೇ ಕಾದಿದ್ದರು ಎಂದು ಕಾಣುತ್ತದೆ.

"ಕೇಳಿದ್ರೇನ್ರಪಾ? ಊರ ಮುಯ್ಯಿ ಬ್ಯಾಡಂತ ಈಕಿಗೆ. ಮುರಿಗೆವ್ವಾ, ನಾಳೆ ನಿನ್ನ ಮಣ್ಣಿಗಿ ಒಂದು ನರಪಿಳ್ಳೆ ಬರೂದಿಲ್ಲ, ತಿಳ್ಕೋ."

"ಬರಬ್ಯಾಡ್ರಿ" ಅಂದೆ. ಕಣದ ಆಚೆ ತುದಿಗೂ ಕೇಳುವ ಹಾಗೆ ಅಂದೆ. "ನನ್ನ ಮಣ್ಣಿಗಿ ಯಾರೂ ಬರಬ್ಯಾಡ್ರಿ. ಮಕ್ಕಳ್ನ ಸಾಲಿಗಿ ಕಳಸ್ರಿ!"

ಆಗ ಅಕ್ಕೋರು ಒಳಗೆ ಗಂಟೆ ಬಾರಿಸಿದರು. ಅದು ಹಳೆಯ ಶಾಲೆಯದೇ ಗಂಟೆ. ಆ ಸದ್ದಿಗೆ ಮಕ್ಕಳ ಕಾಲು ತಾನಾಗಿ ಏಳುತ್ತದೆ, ಅಪ್ಪ ಅವ್ವ ಏನೇ ಜಗಳದಲ್ಲಿರಲಿ. ಮೊದಲು ಒಂದು ಹುಡುಗಿ ಅಪ್ಪನ ಕೈ ಬಿಡಿಸಿಕೊಂಡು ನನ್ನ ತೋಳಿನ ಕೆಳಗೆ ನುಸುಳಿದಳು. ಆಮೇಲೆ ಇನ್ನೊಂದು, ಮತ್ತೊಂದು, ಕಡೆಗೆ ದಂಡು. ಮಕ್ಕಳ ಕೈಯಲ್ಲಿ ಕೆಂಡ ಇರಲಿಲ್ಲವಲ್ಲ, ನಾನು ಯಾರನ್ನೂ ತಡೆಯಲಿಲ್ಲ.

ಒಳಗೆ ಬೆಳಕಿಂಡಿಯಿಂದ ಬಿಸಿಲು ನೆಲದ ಮೇಲೆ ಚೌಕ ಚೌಕವಾಗಿ ಬಿದ್ದಿತ್ತು. ಮಕ್ಕಳು ಮೊದಲು ಕಣ್ಣುಜ್ಜಿಕೊಂಡರು, ಆಮೇಲೆ ಬಿಸಿಲಲ್ಲಿ ಕೂರುವುದು ಯಾರೆಂದು ತಳ್ಳಾಡಿದರು. ಅಕ್ಕೋರು ಹಾಜರಿ ಶುರು ಮಾಡಿದರು. "ಹಾಜರ್ ಅಂದವರು ಎದ್ದ ನಿಂದರ್ರಿ. ಇವತ್ತ ನಿಮ್ಮ ಮಕಾ ನೋಡತೀನಿ" ಅಂದರು. ಒಂದೊಂದು ಹೆಸರಿಗೂ ನಿಂತು, ನೋಡಿ, "ಹೌದನವ್ವಾ, ನೀನೇನ!" ಎನ್ನುತ್ತಿದ್ದರು. ಬಸವಂತ ಎಂದು ಕರೆದಾಗ ಹಾಜರ್ ಎಂದು ಎದ್ದವನೇ ಮುಂದೆ ನಿಂಗರಾಜ ಎಂದಾಗಲೂ ಹಾಜರ್ ಎಂದು ಎದ್ದ. ಅಕ್ಕೋರು ಅವನನ್ನು ಮೇಲಿಂದ ಕೆಳಗೆ ನೋಡಿದರು.

"ಬಸವಂತ ಯಾರು, ನಿಂಗರಾಜ ಯಾರು?"

"ನಾ ನಿಂಗರಾಜ್ರಿ. ಬಸ್ಯಾ ಕುರಿ ಕಾಯಾಕ ಹೋಗ್ಯಾನ್ರಿ."

"ಎಂದಿನಿಂದ ಹೋಗ್ಯಾನ?"

"ಒಂದನೇ ಇಯತ್ತೆಯಿಂದ್ರಿ."

ಅಕ್ಕೋರು ಕುರ್ಚಿಯಲ್ಲಿ ಕುಸಿದು ಕೂತು, ಬಿದ್ದು ಬಿದ್ದು ನಕ್ಕರು. ಮಕ್ಕಳೂ ನಕ್ಕರು. ಆ ನಗೆ ಹೊರಗಿನ ಗುಂಪಿಗೂ ತಲುಪಿತು. ಒಬ್ಬೊಬ್ಬರೇ ಕಿಟಕಿಯ ಹತ್ತಿರ ಸರಿದರು. ತಮ್ಮ ಮಗು ನಗುವಾಗ ಹೇಗೆ ಕಾಣುತ್ತದೆಂದು ಅವರಲ್ಲಿ ಬಹಳ ಜನರಿಗೆ ಗೊತ್ತಿರಲಿಲ್ಲ. ಬಸವಂತನ ಅಪ್ಪ ಮಾತ್ರ ಹೊರೆಯ ಹಿಂದೆ ಮುಖ ಮರೆಸಿಕೊಂಡ. ಕಿಟಕಿಯ ಹತ್ತಿರ ಬಂದವರನ್ನು ನಾನು ಬೋಕಿ ಸಮೇತ ಹಿಂದಕ್ಕೆ ತಳ್ಳುತ್ತಿದ್ದೆ. ಕೆಂಡದ ಮೇಲೆ ನೀರು ಸುರಿಯುತ್ತೇವೆ ಎಂದ ಒಬ್ಬನ ಕೈ ಹಿಡಿದೆ. ನೀರು ಹಾಕಿದರೆ ಬುಸ್ಸೆಂದು ಏಳುವ ಹೊಗೆ ಅಲ್ಲೇ ನಿಲ್ಲುತ್ತದೆ. ಕೆಂಡವನ್ನು ಬಂದ ದಾರಿಯಲ್ಲೇ ಮನೆಗೆ ಒಯ್ಯಬೇಕು, ಬೇರೆ ಉಪಾಯವೇ ಇಲ್ಲ.

ಮೊದಲು ಹಿಂತಿರುಗಿದವಳು ಅವ್ವ. ಹೊರೆಯನ್ನು ಸರಿ ಮಾಡಿಕೊಂಡು, ಬೋಕಿಯನ್ನು ಸೆರಗಿನಿಂದ ಮರೆ ಮಾಡಿ ನಡೆದಳು. ಅವಳ ಹಿಂದೆ ಇನ್ನಷ್ಟು ಜನ, ಬೈಯುತ್ತ, ಉಗುಳುತ್ತ, ಹೋದರು. ನನ್ನ ಪಾಲಿಗೆ ಅವ್ವ ಇನ್ನಿಲ್ಲ ಎಂದುಕೊಂಡೆ. ಬಾಗಿಲು ಬಿಟ್ಟು ಅಳಲಿಕ್ಕೂ ಆಗಲಿಲ್ಲ, ಸಾವುಕಾರರು ಇನ್ನೂ ಅಲ್ಲೇ ಇದ್ದರು.

ಬಿಸಿಲು ನೆತ್ತಿಗೆ ಬಂದಿತ್ತು. ಕಣದ ದಾರಿಯಲ್ಲಿ ಒಬ್ಬಳು ಬರುವುದು ಕಂಡಿತು. ತಲೆಯ ಮೇಲೆ ಹೊರೆಯಿಲ್ಲ, ಕೈಯಲ್ಲಿ ಬೋಕಿಯಿಲ್ಲ. ನಮ್ಮ ಊರಿನಲ್ಲಿ ಹಾಗೆ ಬರಿಗೈಯಲ್ಲಿ ಪ್ರವೇಶಕ್ಕೆ ಬಂದವರನ್ನು ನಾನು ಕಂಡದ್ದು ಅದೇ ಮೊದಲು. ದಾರಿಯುದ್ದಕ್ಕೂ ನಿಂತಿದ್ದವರು ಅವಳನ್ನು ನೋಡಿ ಬಾಯಿಗೆ ಕೈ ಇಟ್ಟುಕೊಂಡರು. ಅವಳು ಯಾರನ್ನೂ ನೋಡಲಿಲ್ಲ, ಖಾಲಿ ಕೈಗಳನ್ನು ಮುಚ್ಚಿಕೊಳ್ಳಲೂ ಇಲ್ಲ, ಬೀಸಿಕೊಂಡು ಬಂದಳು. ನಾನು ಬಾಗಿಲಿಂದ ಸರಿದೆ.

ಅವ್ವ ಒಳಗೆ ಹೋಗಿ ಬೆಳಕಿಂಡಿಯ ಕೆಳಗೆ, ಮಕ್ಕಳ ನಡುವೆ ಕೂತಳು. ಸ್ವಲ್ಪ ಹೊತ್ತು ತನ್ನ ಕೈಗಳನ್ನೇ ತಿರುಗಿಸಿ ನೋಡಿದಳು. ಆಮೇಲೆ ನನ್ನನ್ನು ಕರೆದಳು.

"ಬಾ ಇಲ್ಲೆ. ಕುಂದರ."

ಕೂತೆ. ಅವಳು ನನ್ನ ತಲೆಯ ಸೆರಗು ಸರಿಸಿ, ಬೈತಲೆಯ ಮೇಲೆ ಬೆರಳಾಡಿಸಿದಳು.

"ಈ ಕೂದಲಾ ಯಾವಾಗ ಹಣ್ಣಾದೂವಲೇ?"

"ಭಾಳ ದಿನಾ ಆತು ಯವ್ವಾ."

"ನನಗ ಕಂಡಿರಲೇ ಇಲ್ಲಲ್ಲ" ಅಂದಳು. ಅಂದು, ನನ್ನ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡಳು. ಅಷ್ಟು ಮಕ್ಕಳ ಎದುರು ನಾನು ಅತ್ತೆ. ನನ್ನ ಬಾಯಿಗೆ ಹೆದರುವ ಗೌಂಡಿಗಳು ಹೊರಗಿಂದ ನೋಡಿದರೆ ನೋಡಲಿ ಎಂದು ಅತ್ತೆ.

ಊರೇನೂ ಒಂದೇ ದಿನಕ್ಕೆ ಬದಲಾಗಲಿಲ್ಲ. ಅರ್ಧ ಮನೆಗಳವರು ನನ್ನನ್ನು ಈಗಲೂ ಮದುವೆಗೆ ಕರೆಯುವುದಿಲ್ಲ. ಮನೆ ಕಟ್ಟಿಸಲು ಕರೆಯುವವರೂ ಕಡಿಮೆ. ಸಾವುಕಾರರು ಆಗಾಗ ಜನರ ಕೈಯಲ್ಲಿ ಹೇಳಿ ಕಳಿಸುತ್ತಾರೆ, ಕಮಾನಿನ ಸಾಮಾನು ಮನೆಯ ಮುಂದೆ ಹಾಗೇ ಬಿದ್ದಿದೆ, ಒಂದಲ್ಲ ಒಂದು ದಿನ ಶಾಲೆಗೆ ಬರುತ್ತದೆ ಎಂದು. ಬರಲಿ. ಮಗನನ್ನು ಕಳಿಸದಿದ್ದ ಬಸವಂತನ ಅಪ್ಪ ಈಗ ಅವನನ್ನು ಕಳಿಸುತ್ತಾನೆ, ಹುಡುಗನ ಹಾಜರಿ ಹುಡುಗನೇ ಹೇಳುತ್ತಾನೆ. ಶಾಲೆಯ ಮೇಲಿನ ಆಕಾಶ ಅಂದು ಇದ್ದ ಹಾಗೇ ಇದೆ.

ಕಣದ ದಾರಿಯಲ್ಲಿ ಅಂದಿನ ಹೊಗೆಯ ಎಳೆಗಳು ಇನ್ನೂ ನಿಂತಿವೆ. ನಾನು ದಿನವೂ ಅವುಗಳ ಪಕ್ಕದಲ್ಲೇ ನಡೆದು ಹೋಗುತ್ತೇನೆ. ಅವ್ವನದು ನನಗೆ ಗುರುತು ಸಿಗುತ್ತದೆ, ಗಿಡ್ಡ ಆಳಿನ ಸೊಂಟದೆತ್ತರದ ಎಳೆ. ಒಂದು ನಮ್ಮ ಮನೆಯಿಂದ ಶಾಲೆಯ ಬಾಗಿಲಿನವರೆಗೆ ಬಂದಿದೆ. ಇನ್ನೊಂದು ಬಾಗಿಲಿನಿಂದ ಮನೆಗೆ ಹಿಂತಿರುಗಿದೆ. ಅವಳು ಎರಡನೆಯ ಸಲ ಬಂದದ್ದಕ್ಕೆ ಆ ದಾರಿಯಲ್ಲಿ ಯಾವ ಗುರುತೂ ಇಲ್ಲ.